ಕವಾಯತಿನ ಪಾರಿತೋಷಕ: ಯಾರಿಗೆ, ಏತಕ್ಕೆ?

ಶಾಲೆಗಳಲ್ಲಿ ಕೊಡಮಾಡುವ ಬಹುಮಾನಗಳಲ್ಲಿ ಕವಾಯತಿನ ಪಾರಿತೋಷಕಕ್ಕೆ ಒಂದು ವಿಶೇಷವುಂಟು. ಪ್ರಬಂಧಕ್ಕೆ, ಭಾಷಣಕ್ಕೆ, ಓಟಕ್ಕೆ ದೊರೆತ ಬಹುಮಾನವನ್ನು ವಿದ್ಯಾರ್ಥಿಯು ಮನೆಗೆ ಒಯ್ದು ಗೋಡೆಯ ಗೂಡಿನಲ್ಲಿ ಇಡುತ್ತಾನೆ. ಕವಾಯತಿನ ಪಾರಿತೋಷಕವನ್ನು ಯಾರೂ ಹಾಗೆ ಒಯ್ಯಲಾರರು. ಅದು ಒಂದು ಸಾಲಿಗೆ ಸೇರಿದ್ದು. ಕಬಡ್ಡಿ, ವಾಲಿಬಾಲ್ ತಂಡಗಳಿಗೂ ಈ ಮಾತು ಸಲ್ಲುವುದಲ್ಲವೇ ಎಂದು ಯಾರಾದರೂ ಕೇಳಬಹುದು. ಆದರೆ ಆ ಆಟಗಳಲ್ಲಿ ಒಬ್ಬ ಚತುರನು ಇಡೀ ತಂಡವನ್ನು ಗೆಲ್ಲಿಸಬಲ್ಲ. ಕವಾಯತಿನಲ್ಲಿ ಒಬ್ಬನು ಗೆಲ್ಲಿಸಲಾರ. ಒಬ್ಬನು ಕೆಡಿಸಬಲ್ಲ, ಅಷ್ಟೆ.

ಈ ಸಣ್ಣ ವ್ಯತ್ಯಾಸದಿಂದಲೇ ಒಂದು ದೊಡ್ಡ ತೊಡಕು ಹುಟ್ಟಿಕೊಂಡಿದೆ. ಸಾಲನ್ನು ಕೆಡಿಸುವವನನ್ನು ಏನು ಮಾಡಬೇಕು? ತಿದ್ದುವುದು ಒಂದು ದಾರಿ. ಅದಕ್ಕೆ ತಿಂಗಳುಗಳು ಬೇಕು. ಸಾಲಿನಿಂದ ತೆಗೆದುಹಾಕುವುದು ಇನ್ನೊಂದು ದಾರಿ. ಅದಕ್ಕೆ ಒಂದು ನಿಮಿಷ ಸಾಕು. ಸ್ಪರ್ಧೆಯ ದಿನ ಸಮೀಪಿಸಿದಂತೆ ನಮ್ಮ ಶಾಲೆಗಳು ಯಾವ ದಾರಿಯನ್ನು ಹಿಡಿಯುತ್ತವೆಯೆಂಬುದು ಅಧ್ಯಾಪಕ ಮಿತ್ರರಿಗೆ ತಿಳಿಯದ ಸಂಗತಿಯಲ್ಲ. ಈ ಸ್ಮರಣ ಸಂಚಿಕೆಯ ಓದುಗರಲ್ಲಿ ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳು, ಉದಾರಿಗಳಾದ ದಾನಿಗಳು ಮೂವರೂ ಇರುವುದರಿಂದ ಈ ವಿಷಯವನ್ನು ಇಲ್ಲಿ ಪ್ರಸ್ತಾಪಿಸುವುದು ಅನುಚಿತವಾಗಲಾರದೆಂದು ಭಾವಿಸಿದ್ದೇನೆ.

ಕವಾಯತು ಎಂಬ ಶಬ್ದವು ಅರಬ್ಬಿ ಮೂಲದ್ದು. ನಮ್ಮ ಕಚೇರಿಗಳಲ್ಲಿ ದಿನಬಳಕೆಯಲ್ಲಿರುವ ‘ಕಾಯಿದೆ’ ಎಂಬ ಮಾತೂ ಅದೇ ಬೇರಿನಿಂದ ಬಂದುದು. ಕಾಯಿದೆ ಎಂದರೆ ನಿಯಮ. ಕವಾಯತು ಎಂಬುದು ಮೂಲತಃ ಅದರ ಬಹುವಚನ. ಆದರೆ ಕಚೇರಿಯ ಕಾಯಿದೆ ಕಾಗದದ ಮೇಲಿರುತ್ತದೆ, ಮೈದಾನದ ಕಾಯಿದೆ ಮೈಯೊಳಗೆ ಇಳಿಯಬೇಕಾಗುತ್ತದೆ. ‘ಸಾವಧಾನ್’ ಎಂದಾಗ ಹಿಮ್ಮಡಿಗಳು ಕೂಡಿ, ಪಾದಗಳ ನಡುವೆ 30 ಡಿಗ್ರಿ ಕೋನವಿರಬೇಕು. ‘ವಿಶ್ರಾಮ್’ ಎಂದಾಗ ಪಾದಗಳ ಅಂತರ 12 ಅಂಗುಲ. ‘ತೇಜ್ ಚಲ್’ ಎಂದಾಗ ಹೆಜ್ಜೆಯ ಉದ್ದ 30 ಅಂಗುಲ, ನಿಮಿಷಕ್ಕೆ 120 ಹೆಜ್ಜೆ. ಇದು ಬೆಳೆದ ಸೈನಿಕನ ಕಾಲಿಗೆ ಹಾಕಿದ ಅಳತೆಯೆಂಬುದನ್ನು ನಾವು ಮರೆಯುತ್ತೇವೆ. ಎಂಟನೆಯ ತರಗತಿಯ ಗಿಡ್ಡ ಹುಡುಗನಿಗೆ ಆ ಹೆಜ್ಜೆ ಎಟುಕುವುದು ಕಷ್ಟ. ಆದರೆ ಈ ಕಷ್ಟವನ್ನು ಕವಾಯತಿನ ಶಾಸ್ತ್ರವೇ ಅರಿತಿದೆ. ಎತ್ತರಕ್ಕನುಗುಣವಾಗಿ ಸಾಲು ಕಟ್ಟುವ ‘ಕದ್‌ವಾರ್’ ಕ್ರಮದಲ್ಲಿ ಎತ್ತರದವರು ಎರಡು ಅಂಚುಗಳಿಗೆ ಸರಿದು, ಅತ್ಯಂತ ಗಿಡ್ಡವರು ಸಾಲಿನ ನಡುವಿಗೆ ಬರುತ್ತಾರೆ. ಚಿಕ್ಕವನನ್ನು ನಡುವಿನಲ್ಲಿಟ್ಟು ಇಕ್ಕೆಲದವರು ಕರೆದುಕೊಂಡು ಹೋಗುವ ಏರ್ಪಾಡು ಇದು. ಶಾಸ್ತ್ರವು ಒಳಗಿಟ್ಟುಕೊಂಡವನನ್ನು ಸ್ಪರ್ಧೆಯು ಹೊರಗಿಡುತ್ತದೆ!

ಕನ್ನಡನಾಡಿನ ಮಟ್ಟಿಗೆ ತರುಣರ ಕವಾಯತಿನ ಚರಿತ್ರೆ ಪಾರಿತೋಷಕದಿಂದ ಆರಂಭವಾದುದಲ್ಲ. ಸ್ವಾತಂತ್ರ್ಯಪೂರ್ವದ ವಿಶ್ವವಿದ್ಯಾಲಯ ದಳಗಳ ಕಥೆ ಬೇರೆ. 1917ರಲ್ಲಿ ಹುಟ್ಟಿ, 1920ರಲ್ಲಿ ತರಬೇತಿ ದಳವೆಂದೂ 1942ರಲ್ಲಿ ಅಧಿಕಾರಿಗಳ ತರಬೇತಿ ದಳವೆಂದೂ ಹೆಸರು ಬದಲಿಸಿಕೊಂಡ ಆ ಸಂಸ್ಥೆ ಬ್ರಿಟಿಷ್ ಸರ್ಕಾರದ ಯುದ್ಧಕಾಲದ ಅಗತ್ಯದಿಂದ ಬಂದುದು. ಜನರ ನಡುವಿನಿಂದ ಎದ್ದ ಕವಾಯತು ನೋಡಬೇಕಾದರೆ ಹುಬ್ಬಳ್ಳಿಯ ಕಡೆಗೆ ತಿರುಗಬೇಕು. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆಮನೆ ಸೇರಿದ ಹುಬ್ಬಳ್ಳಿ ಸೇವಾ ಮಂಡಲದ ತರುಣರು, ಕ್ಷಮೆ ಬರೆದುಕೊಟ್ಟು ಹೊರಬರಲು ಒಪ್ಪದೆ ನಿಂತ ಸಂಗತಿ ದೇಶದ ನಾಯಕರ ಗಮನ ಸೆಳೆಯಿತು. ಅದೇ ವರ್ಷದ ಕೊನೆಯಲ್ಲಿ ಕಾಕಿನಾಡದ ಕಾಂಗ್ರೆಸ್ ಅಧಿವೇಶನದ ಸಂದರ್ಭದಲ್ಲಿ ಡಾ. ನಾ. ಸು. ಹರ್ಡೀಕರ್ ಅವರ ಪ್ರಯತ್ನದಿಂದ ಹಿಂದುಸ್ಥಾನಿ ಸೇವಾದಳ ಸ್ಥಾಪಿತವಾಯಿತು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಅಧಿವೇಶನ ಜರುಗಿದಾಗ ಸ್ವಯಂಸೇವಕರ ಶಿಸ್ತಿನ ಹೊಣೆ ಹರ್ಡೀಕರರದಾಗಿತ್ತು. ಆ ತರುಣರು ಸಾಲುಗಟ್ಟಿದ್ದು ಬಹುಮಾನಕ್ಕಲ್ಲ. ಸಾವಿರಾರು ಜನರು ನೆರೆದ ಕಡೆ ನೀರು, ಊಟ, ಚೊಕ್ಕಟ ಇವುಗಳಲ್ಲಿ ಲೋಪ ಬಾರದಿರಲೆಂದು. ಅಲ್ಲಿ ಅಂಕ ಬರೆಯುವ ತೀರ್ಪುಗಾರನಿರಲಿಲ್ಲ.

ಸ್ವತಂತ್ರ ಭಾರತವು ಈ ಕಾರ್ಯವನ್ನು ಶಾಸನಬದ್ಧಗೊಳಿಸಿತು. ಪಂಡಿತ ಹೃದಯನಾಥ ಕುಂಜ್ರೂ ಅವರ ಅಧ್ಯಕ್ಷತೆಯಲ್ಲಿ 1946ರಲ್ಲಿ ನೇಮಕವಾದ ಸಮಿತಿಯ ಶಿಫಾರಸಿನ ಮೇರೆಗೆ 1948ರಲ್ಲಿ ರಾಷ್ಟ್ರೀಯ ಕೆಡೆಟ್ ದಳದ ಶಾಸನ ಅಂಗೀಕೃತವಾಗಿ, ಆ ವರ್ಷದ ಜುಲೈ ತಿಂಗಳಲ್ಲಿ ಎನ್.ಸಿ.ಸಿ. ಅಸ್ತಿತ್ವಕ್ಕೆ ಬಂದಿತು. ಕಾಲೇಜುಗಳಿಗೆ ಹಿರಿಯರ ವಿಭಾಗ, ಪ್ರೌಢಶಾಲೆಗಳಿಗೆ ಕಿರಿಯರ ವಿಭಾಗ. ಮರುವರ್ಷ, 1949ರಲ್ಲಿ, ಬಾಲಕಿಯರ ವಿಭಾಗ. ಇದರ ಪ್ರಥಮ ನಿರ್ದೇಶಕರು ಕರ್ನಲ್ ಗೋಪಾಲ ಗುರುನಾಥ ಬೇವೂರ ಅವರು. ಮುಂದೆ 1973ರಿಂದ 1975ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದವರು. ಬೇವೂರ ಎಂಬುದು ಕನ್ನಡಿಗರ ಕಿವಿಗೆ ಪರಿಚಿತ ಹೆಸರು. ಬಾಗಲಕೋಟೆ ಸೀಮೆಯಲ್ಲಿ ಆ ಹೆಸರಿನ ಊರೇ ಇದೆ. ದೆಹಲಿಯಲ್ಲಿ ಇಂದಿಗೂ ಕೆಡೆಟ್ಟರ ಅತಿ ದೊಡ್ಡ ಸಮಾರಂಭ ನಡೆಯುವ ಮೈದಾನಕ್ಕೆ ಕೊಡಗಿನ ಕಾರ್ಯಪ್ಪನವರ ಹೆಸರಿದೆ. 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು ಅವರು. ಹೀಗೆ, ಈ ಸಂಸ್ಥೆಯ ಹೊಸ್ತಿಲಲ್ಲಿಯೂ ಅಂಗಳದಲ್ಲಿಯೂ ನಮಗೆ ಹತ್ತಿರದ ಹೆಸರುಗಳು ಸಿಗುತ್ತವೆ.

ಆರಂಭದಲ್ಲಿ 20,000 ಕೆಡೆಟ್ಟರಿದ್ದ ದಳವಿದು. 1962ರ ಚೀನಾ ಆಕ್ರಮಣದ ಆಘಾತದಿಂದ 1963ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಎನ್.ಸಿ.ಸಿ. ಕಡ್ಡಾಯವಾಯಿತು. ಎಲ್ಲರೂ ಮೈದಾನಕ್ಕೆ ಬಂದರು, ಆದರೆ ಎಲ್ಲರ ಮನಸ್ಸೂ ಬಂದಿತೆಂದು ಹೇಳಲಾಗದು. ಅಷ್ಟು ಜನರಿಗೆ ಸಾಕಾಗುವಷ್ಟು ತರಬೇತುದಾರರೂ ಸಲಕರಣೆಗಳೂ ಇಲ್ಲದೆ ಹಲವೆಡೆ ಅದು ಹಾಜರಿ ಪುಸ್ತಕದ ಕಾಟಾಚಾರವಾಗಿ ಉಳಿಯಿತು. 1968ರಲ್ಲಿ ಕಡ್ಡಾಯವನ್ನು ಕೈಬಿಡಲಾಯಿತು. 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಬಂದಿತು. ಕಡ್ಡಾಯದ ಆ ಐದು ವರ್ಷಗಳನ್ನು ಹಿರಿಯರು ನಗೆಯಾಡಿ ಮರೆಯುವುದುಂಟು. ನನ್ನ ಅಭಿಪ್ರಾಯದಲ್ಲಿ ಅದು ಸೋತ ಪ್ರಯೋಗವೇ ಸರಿ, ಆದರೆ ಅದರ ಹಿಂದಿನ ಕಲ್ಪನೆ ಸಣ್ಣದಲ್ಲ. ಕವಾಯತು ಆಯ್ದ ಕೆಲವರಿಗೆ ಮೀಸಲಾದ ಕಲೆಯಲ್ಲ, ಕಲಿಯುವ ಪ್ರತಿಯೊಬ್ಬನಿಗೂ ಸಲ್ಲತಕ್ಕದ್ದು ಎಂಬ ಭಾವನೆ ಆಗ ಇತ್ತು. ಕಡ್ಡಾಯ ಹೋದುದರ ಜೊತೆಗೆ ಆ ಭಾವನೆಯೂ ಹೋಯಿತು. ತೆರವಾದ ಸ್ಥಳದಲ್ಲಿ ಸ್ಪರ್ಧೆ ಬಂದು ಕುಳಿತಿತು.

ಸ್ಪರ್ಧೆಯ ಶಿಖರವೆಂದರೆ ಪ್ರಧಾನಮಂತ್ರಿಗಳ ಧ್ವಜ. ಪ್ರತಿ ವರ್ಷ ಜನವರಿಯಲ್ಲಿ ದೆಹಲಿಯಲ್ಲಿ ನಡೆಯುವ ಗಣರಾಜ್ಯೋತ್ಸವ ಶಿಬಿರದಲ್ಲಿ ದೇಶದ 17 ನಿರ್ದೇಶನಾಲಯಗಳ ಕೆಡೆಟ್ಟರು ಸೇರುತ್ತಾರೆ. ನಮ್ಮದು ಗೋವಾದೊಂದಿಗೆ ಕೂಡಿದ ‘ಕರ್ನಾಟಕ ಮತ್ತು ಗೋವಾ ನಿರ್ದೇಶನಾಲಯ’. ಕವಾಯತು, ಉತ್ತಮ ಕೆಡೆಟ್, ಪಾಳೆಯದ ಅಚ್ಚುಕಟ್ಟು, ಸಮೂಹಗಾನ, ಸಮೂಹನೃತ್ಯ ಮುಂತಾದ ಸ್ಪರ್ಧೆಗಳ ಅಂಕಗಳು ಕೂಡಿ ಶ್ರೇಷ್ಠ ನಿರ್ದೇಶನಾಲಯದ ನಿರ್ಣಯವಾಗುತ್ತದೆ. ಗೆದ್ದವರು ಕಾರ್ಯಪ್ಪ ಮೈದಾನದಲ್ಲಿ ಪ್ರಧಾನಮಂತ್ರಿಗಳ ಕೈಯಿಂದ ಧ್ವಜವನ್ನು ಸ್ವೀಕರಿಸುತ್ತಾರೆ. 2022, 2023, 2024 ಈ ಮೂರು ವರ್ಷ ಸತತವಾಗಿ ನೆರೆಯ ಮಹಾರಾಷ್ಟ್ರವು ಅದನ್ನು ಪಡೆಯಿತು. ಮೆಚ್ಚತಕ್ಕ ಸಾಧನೆ, ಅದರ ಹಿಂದಿನ ಶ್ರಮವನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ಇಲ್ಲಿ ಗಮನಿಸಬೇಕಾದ ಅಂಶ ಇನ್ನೊಂದಿದೆ. ಕೊಡುವುದು ಲೋಟವಲ್ಲ, ಪದಕವಲ್ಲ, ಧ್ವಜ. ಧ್ವಜವನ್ನು ಒಬ್ಬನು ಹಿಡಿದರೂ ಅದು ಹಿಂದೆ ನಿಂತವರೆಲ್ಲರದು. ಸೇನೆಯಲ್ಲಿ ಧ್ವಜಪ್ರದಾನಕ್ಕೆ ಇರುವ ಅರ್ಥವೇ ಅದು. ಧ್ವಜವನ್ನು ಪ್ರಶಸ್ತಿಯಾಗಿ ಆರಿಸಿದವರು ವಿವೇಕಿಗಳೆಂದು ಒಪ್ಪಲೇಬೇಕು.

ಆದರೆ ಧ್ವಜದ ಹಿಂದೆ ನಿಂತವರು ಎಷ್ಟು ಜನ? 2025ರ ಶಿಬಿರದಲ್ಲಿ ಭಾಗವಹಿಸಿದವರು 2,361 ಕೆಡೆಟ್ಟರು, ಅವರಲ್ಲಿ 917 ಬಾಲಕಿಯರು. (ಬಾಲಕಿಯರ ಈ ಪಾಲು ಸಂತೋಷದ ವಿಷಯ, ನಮ್ಮ ಭಾಗದ ತಂದೆತಾಯಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು.) ದಳದ ಒಟ್ಟು ಸಂಖ್ಯೆ 17 ಲಕ್ಷವೆಂದು ಹಿಡಿದರೆ ಸುಮಾರು 720 ಮಂದಿಗೆ ಒಬ್ಬರಂತೆ ದೆಹಲಿ ಕಂಡರು. ಇಷ್ಟು ದೊಡ್ಡ ದೇಶದಲ್ಲಿ ಆಯ್ಕೆ ಅನಿವಾರ್ಯ, ದೆಹಲಿಯಲ್ಲಿ ಎಲ್ಲರಿಗೂ ಸ್ಥಳವಿಲ್ಲ. ಆದುದರಿಂದ ದೆಹಲಿಯ ಆಯ್ಕೆಯ ಮೇಲೆ ನನ್ನ ಆಕ್ಷೇಪವಿಲ್ಲ. ದೆಹಲಿಯ ಆಯ್ಕೆಯ ಪದ್ಧತಿಯನ್ನು ಹಳ್ಳಿಯ ಶಾಲೆಯವರೆಗೆ ಇಳಿಸಿಕೊಂಡು ಬಂದುದರ ಮೇಲೆ ನನ್ನ ಆಕ್ಷೇಪ. ಅಲ್ಲಿ 720ಕ್ಕೆ ಒಬ್ಬನೆಂಬುದು ಅನಿವಾರ್ಯವಾದರೆ, ಇಲ್ಲಿ 50 ಮಕ್ಕಳ ತರಗತಿಯಲ್ಲಿ 24 ಮಂದಿಯನ್ನು ಆರಿಸಿ, ಉಳಿದವರನ್ನು ಚಪ್ಪಾಳೆ ತಟ್ಟಲು ಕೂರಿಸುವುದಕ್ಕೆ ಯಾವ ಅನಿವಾರ್ಯವಿದೆ?

ಹಾಗೆ ಆರಿಸುವಾಗ ಹೊರಗುಳಿಯುವವರು ಯಾರೆಂಬುದನ್ನು ನಮ್ಮ ಮಲೆನಾಡಿನ ಸ್ಥಿತಿಯಲ್ಲಿಟ್ಟು ನೋಡಬೇಕು. ಕಮ್ಮರಡಿ, ಕೊಪ್ಪ, ಶೃಂಗೇರಿಯ ಸುತ್ತಲಿನ ಮಳೆಯನ್ನು ಬಯಲುಸೀಮೆಯವರಿಗೆ ವಿವರಿಸಿ ಹೇಳುವುದು ಕಷ್ಟ. ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಗಿಲಾಗಿ ಸುರಿಯುತ್ತದೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಾಲೆಯ ಮೈದಾನವೆಂದರೆ ಹಾವಸೆಗಟ್ಟಿದ ನೆಲ. ಹೆಜ್ಜೆ ಕುಟ್ಟಿದರೆ ಕೆಸರು ಹಾರುತ್ತದೆ, ತಿರುಗಿದರೆ ಕಾಲು ಜಾರುತ್ತದೆ. ಆಗಸ್ಟ್ 15ರ ಪಥಸಂಚಲನಕ್ಕೆ ಅಭ್ಯಾಸ ನಡೆಯಬೇಕಾದುದು ಇದೇ ನೆಲದ ಮೇಲೆ, ಇದೇ ತಿಂಗಳುಗಳಲ್ಲಿ. ಒಂಟಿ ಮನೆಗಳಿಂದ ಕಾಲುಸಂಕ ದಾಟಿ ಬರುವ ಮಗು ಹಳ್ಳ ಏರಿದ ದಿನ ಶಾಲೆಗೇ ಬರಲಾರದು. ಸಂಜೆಯ ಅಭ್ಯಾಸಕ್ಕೆ ನಿಂತರೆ ಬಸ್ಸು ತಪ್ಪುತ್ತದೆ. ಮಳೆ ನಿಂತಿತೆನ್ನುವಾಗ ಅಡಿಕೆ ಕೊಯ್ಲು ಆರಂಭ. ಕೂಲಿಯಾಳು ಸಿಗದ ಈ ಕಾಲದಲ್ಲಿ ಸಣ್ಣ ಹಿಡುವಳಿದಾರರ ಮನೆಯಲ್ಲಿ ಮಕ್ಕಳೂ ರಾತ್ರಿ ಅಡಿಕೆ ಸುಲಿಯಲು ಕುಳಿತುಕೊಳ್ಳುತ್ತಾರೆ. ತೋಟದ ಕೂಲಿಯವರ ಮಕ್ಕಳ ಪಾಡಂತೂ ಹೇಳಬೇಕಾಗಿಲ್ಲ. ಮುಂದಿನ ಹಂತದ ಆಯ್ಕೆ ಶಿಬಿರಗಳು ಒಂದರ ಹಿಂದೊಂದು ಬರುವುದೂ ಇದೇ ಹೊತ್ತಿಗೆ.

ಹೀಗಾಗಿ ಆಯ್ಕೆಯ ಸಾಲಿನಲ್ಲಿ ಕೊನೆಗೆ ಉಳಿಯುವವನು ಶಾಲೆಯ ಹತ್ತಿರ ಮನೆಯುಳ್ಳವನು, ಹೊಸ ಬೂಟು ಕೊಳ್ಳಬಲ್ಲವನು, ಮೈಕಟ್ಟು ಚೆನ್ನಾಗಿರುವವನು. ಅವನು ಸಾಲಿಗೆ ಬರುವ ಮೊದಲೇ ಅರ್ಧ ಕಲಿತವನು. ಕವಾಯತಿನಿಂದ ಏನಾದರೂ ಪಡೆಯಬೇಕಾಗಿದ್ದವನು ತಲೆ ತಗ್ಗಿಸಿ ನಡೆಯುವವನು, ಗುಂಪಿನಲ್ಲಿ ಮಾತನಾಡಲು ಅಂಜುವವನು, ಎಡ ಬಲಗಳಲ್ಲಿ ತಡವರಿಸುವವನು. ತೀರ್ಪುಗಾರರ ಕಾಗದದಲ್ಲಿ ಉಡುಪು, ಸಾಲಿನ ನೇರ, ಕೈಬೀಸು, ಹೆಜ್ಜೆಯ ಮೇಳ ಇವುಗಳಿಗೆಲ್ಲ ಅಂಕವಿದೆ. ‘ಜೂನ್‌ನಲ್ಲಿ ಹೇಗಿದ್ದವನು ಜನವರಿಯಲ್ಲಿ ಹೇಗಾದ’ ಎಂಬುದಕ್ಕೆ ಅಂಕಣವಿಲ್ಲ. ಬಿಟ್ಟುಹೋದವನ ಹೆಸರಿಗೆ ಕಳೆಯುವ ಅಂಕವೂ ಇಲ್ಲ.

ಸ್ಪರ್ಧೆಯಿಲ್ಲದೆ ಉತ್ಸಾಹವೆಲ್ಲಿಯದು ಎಂದು ನನ್ನ ಕೆಲವು ಅಧ್ಯಾಪಕ ಮಿತ್ರರು ವಾದಿಸುತ್ತಾರೆ. ಅವರ ಮಾತಿನಲ್ಲಿ ಸತ್ಯವಿದೆ. 1963ರಿಂದ 1968ರವರೆಗಿನ ಅನುಭವ ಅವರ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಆದರೆ ಕವಾಯತಿನ ಉತ್ಸಾಹವು ಬಹುಮಾನದಿಂದಲೇ ಬರುತ್ತದೆಯೆಂಬುದನ್ನು ನಾನು ಒಪ್ಪಲಾರೆ. ಅಮೆರಿಕದ ಇತಿಹಾಸಕಾರ ವಿಲಿಯಂ ಮೆಕ್‌ನೀಲ್ ಎಂಬವರು 1941ರಲ್ಲಿ ಸೇನೆಗೆ ಸೇರಿ ಟೆಕ್ಸಾಸಿನ ಬಯಲಿನಲ್ಲಿ ತಿಂಗಳುಗಟ್ಟಲೆ ಹೆಜ್ಜೆ ಹಾಕಿದವರು. ತರಬೇತಿಗೆ ಬೇಕಾದ ಆಯುಧಗಳಿಲ್ಲದ್ದರಿಂದ ಹೊತ್ತು ಕಳೆಯಲೆಂದೇ ಅವರನ್ನು ನಡೆಸುತ್ತಿದ್ದರು. ಯಾವ ಪ್ರಯೋಜನವೂ ಇಲ್ಲದ ಆ ನಡಿಗೆಯಲ್ಲಿ ತಮಗೆ ವಿವರಿಸಲಾಗದ ಹಿಗ್ಗು, ತಾನು ದೊಡ್ಡದಾದಂತಹ ಭಾವ ಉಂಟಾಗುತ್ತಿತ್ತೆಂದು ಅವರು ಬರೆದಿದ್ದಾರೆ. ಅರ್ಧ ಶತಮಾನದ ಮೇಲೆ, 1995ರಲ್ಲಿ, ಅದೇ ಅನುಭವವನ್ನು ಹಿಡಿದು ಕುಣಿತ ಮತ್ತು ಕವಾಯತುಗಳ ಚರಿತ್ರೆಯ ಕುರಿತು ಪುಸ್ತಕವನ್ನೇ ಪ್ರಕಟಿಸಿದರು. ಜನರು ಒಟ್ಟಿಗೆ ಹೆಜ್ಜೆ ಹಾಕಿದಾಗ ಅವರ ನಡುವೆ ಒಂದು ಬೆಸುಗೆ ಹುಟ್ಟುತ್ತದೆಯೆಂಬುದು ಅವರ ವಾದ. ನಮಗೆ ಇದನ್ನು ಟೆಕ್ಸಾಸಿನವರು ಹೇಳಬೇಕಾಗಿಲ್ಲ. ವೀರಗಾಸೆಯವರೂ ಡೊಳ್ಳಿನವರೂ ಮೈಮರೆತು ಹೆಜ್ಜೆಗೂಡಿಸುವುದನ್ನು ಕಂಡವರಿಗೆ ಈ ಮಾತು ಹೊಸದಲ್ಲ. ಈ ಹಿಗ್ಗಿನ ಪಾಲು ಹೊರಗೆ ಕುಳಿತವನಿಗೆ ಸಿಗುವುದಿಲ್ಲ, ಅವನ ಶಾಲೆ ಗೆದ್ದರೂ ಸಿಗುವುದಿಲ್ಲ.

ಇನ್ನು ದಾನಿಗಳಲ್ಲಿ ಒಂದು ಅರಿಕೆ. ತಂದೆತಾಯಿಗಳ ಸ್ಮರಣಾರ್ಥವಾಗಿ ಬೆಳ್ಳಿಯ ಬಣ್ಣದ ಲೋಟವೊಂದನ್ನು ಕೊಟ್ಟು, ‘ಅತ್ಯುತ್ತಮ ಕೆಡೆಟ್’ಗೆ ಸಲ್ಲಲೆಂದು ಬರೆಸುವ ಸಂಪ್ರದಾಯ ಎಲ್ಲ ಶಾಲೆಗಳಲ್ಲಿಯೂ ಇದೆ. ಭಾವನೆ ದೊಡ್ಡದು, ಹಳದಿ ಎಲೆ ರೋಗದಿಂದ ತೋಟಗಳು ಸೊರಗಿರುವ ಈ ಕಾಲದಲ್ಲಿಯೂ ಕೊಡುವ ಕೈ ಹಿಂದೆಗೆಯದಿರುವುದು ಈ ಸೀಮೆಯ ಹಿರಿಮೆ. ಆದರೆ ಗಾಜಿನ ಬೀರುವಿನಲ್ಲಿ ಲೋಟಗಳ ಮೇಲೆ ಲೋಟಗಳು ಕುಳಿತಿರುವಾಗ ಸಾಲಿನ ಹಿಂದಿನ ಹುಡುಗನ ಕಾಲಿನಲ್ಲಿ ಬೂಟು ಇಲ್ಲ. ಬೆಳೆಯುವ ಮಕ್ಕಳ ಪಾದಕ್ಕೆ ಈ ವರ್ಷದ ಬೂಟು ಮುಂದಿನ ವರ್ಷಕ್ಕೆ ಆಗುವುದಿಲ್ಲ. ಶಾಲೆಯಲ್ಲಿಯೇ ಎಲ್ಲ ಅಳತೆಯ ಬೂಟುಗಳ ಒಂದು ಭಂಡಾರವಿದ್ದರೆ ಒಬ್ಬನು ಬಿಟ್ಟುದನ್ನು ಇನ್ನೊಬ್ಬನು ತೊಡಬಹುದು. ಎರಡನೆಯದಾಗಿ, ಮಳೆಗಾಲದಲ್ಲಿ ಮೂರು ಸಾಲು ನಿಂತು ಹೆಜ್ಜೆ ಹಾಕಲು ಸಾಕಾಗುವಷ್ಟು ತಗಡಿನ ಮಾಡು. ಗೋಡೆ ಬೇಕಾಗಿಲ್ಲ, ಕಂಬ ಮತ್ತು ಮಾಡು ಸಾಕು; ಬಿಸಿಲು ಕಾಲದಲ್ಲಿ ಅದರಡಿಯಲ್ಲಿ ಊಟಕ್ಕೂ ಕೂರಬಹುದು. ಎನ್.ಸಿ.ಸಿ. ಘಟಕ ಬೇಕೆಂದು ಸರದಿಯಲ್ಲಿ ಕಾಯುತ್ತಿರುವ ಶಾಲೆಗಳು ನಾಡಿನಲ್ಲಿ ಬಹಳ. 2024ರಲ್ಲಿ ಮಂಜೂರಾದ ಸಂಖ್ಯೆಯನ್ನು 20 ಲಕ್ಷಕ್ಕೆ ಏರಿಸಲು ಸರ್ಕಾರ ಒಪ್ಪಿದರೂ ಸರದಿ ತೀರುವುದು ತಡವಾದೀತು. ಸ್ವಂತ ವೆಚ್ಚದಲ್ಲಿ ಘಟಕ ನಡೆಸಿಕೊಳ್ಳುವ ಏರ್ಪಾಡೂ ಇದೆ. ಘಟಕ ಇರಲಿ, ಇಲ್ಲದಿರಲಿ, ಬೂಟು ಮತ್ತು ಮಾಡು ಇದ್ದರೆ ಕವಾಯತು ನಿಲ್ಲುವುದಿಲ್ಲ. ಸೇನೆಯಿಂದಲೋ ಪೊಲೀಸಿನಿಂದಲೋ ನಿವೃತ್ತರಾಗಿ ಊರಿನಲ್ಲಿರುವ ಹಳೆಯ ವಿದ್ಯಾರ್ಥಿಗಳು ವಾರಕ್ಕೊಂದು ಗಂಟೆ ಕೊಟ್ಟರೆ ಅದು ಲೋಟಕ್ಕಿಂತ ಬೆಲೆಯುಳ್ಳ ದಾನ.

ಮಠದ ದಾಸೋಹದ ಪಂಕ್ತಿಯಲ್ಲಿ ಯಾರನ್ನೂ ಅರ್ಹತೆ ನೋಡಿ ಕೂರಿಸುವುದಿಲ್ಲ. ಅದೇ ಅಂಗಳದ ಶಾಲೆಯ ಕವಾಯತಿನ ಪಂಕ್ತಿಗೆ ಮಾತ್ರ ಬೇರೆ ನಿಯಮವೇಕೆ? ಪಾರಿತೋಷಕವೇ ಬೇಡವೆಂದು ನಾನು ಹೇಳುತ್ತಿಲ್ಲ. ನಿಯಮವನ್ನು ಬದಲಿಸೋಣವೆನ್ನುತ್ತೇನೆ. ತಾಲ್ಲೂಕಿನ, ಜಿಲ್ಲೆಯ ಸ್ಪರ್ಧೆಗಳ ನಿಯಮ ನಮ್ಮ ಕೈಯಲ್ಲಿಲ್ಲ. ಅಲ್ಲಿಗೆ ಆಯ್ದವರನ್ನೇ ಕಳುಹಿಸೋಣ. ಶಾಲೆಯೊಳಗಿನ ಪರ್ಯಾಯ ಪಾರಿತೋಷಕದ ನಿಯಮ ನಮ್ಮದೇ. ತರಗತಿಯ ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರಿದೆಯೋ ಅಷ್ಟೂ ಜನ ಸಾಲಿನಲ್ಲಿ ನಿಲ್ಲಬೇಕು. ಮೈದಾನಕ್ಕೆ ಬಾರದ ಒಬ್ಬೊಬ್ಬನಿಗೂ, ಕಾಯಿಲೆಯ ಕಾರಣವಿಲ್ಲದಿದ್ದರೆ, ಅಂಕ ಕಳೆಯಬೇಕು. ಹೆಜ್ಜೆ ತಪ್ಪಿದುದಕ್ಕೆ ಕಳೆಯುವ ಅಂಕಕ್ಕಿಂತ ಇದು ಹೆಚ್ಚಾಗಿರಬೇಕು. ಕಾಲು ಊನವಾದ ಮಗು ಏನು ಮಾಡಬೇಕೆಂದು ಕೇಳಬಹುದು. ಆಜ್ಞೆ ಕೊಡುವವನಿಗೆ ಬೇಕಾದುದು ಕಂಠ. ಢಕ್ಕೆ ಬಾರಿಸುವವನಿಗೆ ಬೇಕಾದುದು ಕೈ ಮತ್ತು ಕಿವಿ. ಸಾಲಿಗೆ ಸೇರದ ಮಗು ಯಾವುದೂ ಇರಲಾರದು, ಅಧ್ಯಾಪಕನಿಗೆ ಹುಡುಕುವ ಮನಸ್ಸಿದ್ದರೆ.

ಸ್ಪರ್ಧೆಯ ದಿನವನ್ನು ಆಗಸ್ಟ್ 15ರಿಂದ ಜನವರಿ 26ಕ್ಕೆ ವರ್ಗಾಯಿಸುವುದು ಸೂಕ್ತ. ಅಷ್ಟರೊಳಗೆ ನೆಲ ಒಣಗಿ ಗಟ್ಟಿಯಾಗಿರುತ್ತದೆ, ಬಹುಪಾಲು ಮನೆಗಳಲ್ಲಿ ಅಡಿಕೆ ಸುಲಿದು ಮುಗಿದಿರುತ್ತದೆ, ಜೂನ್‌ನಲ್ಲಿ ಸೇರಿದ ಮಗುವಿಗೆ ಏಳು ತಿಂಗಳ ಅಭ್ಯಾಸ ದೊರೆತಿರುತ್ತದೆ. ಪಾರಿತೋಷಕದ ಕೆಳಗಿನ ಹಲಗೆಯಲ್ಲಿ ಗೆದ್ದ ತರಗತಿಯ ಹೆಸರಿನ ಮುಂದೆ ನಾಯಕನ ಹೆಸರನ್ನು ಕೆತ್ತಿಸುವ ರೂಢಿಯನ್ನು ಬಿಟ್ಟು, ಎರಡು ಅಂಕಿಗಳನ್ನು ಮಾತ್ರ ಕೆತ್ತಿಸಬಹುದು: ಹಾಜರಿಯಲ್ಲಿದ್ದವರು ಎಷ್ಟು, ಸಾಲಿನಲ್ಲಿ ನಿಂತವರು ಎಷ್ಟು.